ಎರಡು ಕೊಟ್ಟಿಗೆಯ ಪರಿಹಾರ

ಪರಿಹಾರದ ಸುದ್ದಿ ಬಂದಾಗಿನಿಂದ ಅಣ್ಣನ ಮುಖದಲ್ಲಿ ಕಳೆಯೇ ಇರಲಿಲ್ಲ. ರೋಗದ ವರ್ಷ ಕೊಳ್ಳುವವರಿಲ್ಲದೆ ಹಾಲನ್ನು ಚರಂಡಿಗೆ ಸುರಿದವರಿಗೆಲ್ಲ ಸರ್ಕಾರ ದುಡ್ಡು ಕೊಡುತ್ತದಂತೆ, ಕುಣಿದಾಡಬೇಕಾದ ಸುದ್ದಿಯೇ. ಆದರೆ ಅದಕ್ಕೊಂದು ಷರತ್ತು ಅಂಟಿಕೊಂಡಿತ್ತು. ಬೇರೆ ಬೇರೆಯಾಗಿ ಹಾಲು ಕರೆಯುವ ಕೊಟ್ಟಿಗೆ ಎರಡಿದ್ದರೆ ಎರಡು ಪಾಲು, ಒಂದೇ ಆದರೆ ಒಂದೇ ಪಾಲು. ತಮ್ಮ ಅದನ್ನು ಕೇಳಿದ್ದೇ ತಡ, ಬೇಲಿಯಾಚೆಯ ತನ್ನ ಹಳೇ ಕೊಟ್ಟಿಗೆಯನ್ನು ಗುಡಿಸಿ ಸುಣ್ಣ ಬಳಿದ. ಅಧಿಕಾರಿ ಬರುವ ದಿನ, ಬೆಳಗಿನ ಹಾಲು ಕರೆದಾದ ಮೇಲೆ ತನ್ನ ಹಸುಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋದ.

"ಅವರು ನೋಡ್ಕೊಂಡು ಹೋಗೋವರೆಗೆ ಅಷ್ಟೇ ಕಣಣ್ಣ," ಅಂದಿದ್ದ.

ಆ 'ಅಷ್ಟೇ' ಎಷ್ಟು ಉದ್ದವಾಗುತ್ತದೆಂದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ತಾನು ಮುದಿ ಹಸುವೊಂದನ್ನು ಹೇಳದೆ ಕೇಳದೆ ಮಾರಿದ್ದಕ್ಕೆ ಮುನಿದು ತಮ್ಮ ಬೇಲಿ ಹಾಕಿದಾಗಲೂ, ಕೋಪ ಇಳಿಯುವವರೆಗೆ ಎಂದೇ ಎಲ್ಲರೂ ತಿಳಿದಿದ್ದರು. ಕೋಪ ಇಳಿಯುವಷ್ಟರಲ್ಲಿ ಇಬ್ಬರ ತಲೆಯೂ ನರೆತಿತ್ತು. ಮದುವೆಯ ಗೊಡವೆಗೇ ತಮ್ಮ ಹೋಗಲಿಲ್ಲ. ಅಣ್ಣನ ಹೆಂಡತಿ ಎಂದೋ ತೀರಿಕೊಂಡಿದ್ದಳು.

ಅವರನ್ನು ಒಂದು ಮಾಡಿದ್ದು ಆ ಹಾಳು ರೋಗವೇ. ತಮ್ಮ ಜ್ವರದಿಂದ ಮಲಗಿದ. ಆಳುಗಳು ಮನೆ ಬಿಟ್ಟು ಬರುವಂತಿರಲಿಲ್ಲ. ಅಣ್ಣ ಬೇಲಿಯ ತಂತಿ ಕತ್ತರಿಸಿ ಅವನ ಹಸುಗಳನ್ನೂ ತನ್ನ ಕೊಟ್ಟಿಗೆಗೆ ತಂದು ಕಟ್ಟಿದ. ಅವು ಸೊರ ಬಿಡಲೇ ಇಲ್ಲ; ಕೆಚ್ಚಲು ತುಂಬಿದ್ದರೂ ಕೈಗೆ ಹನಿ ಹಾಲಿಲ್ಲ. ಆಗ ಅಮ್ಮ ಹಾಲು ಕರೆಯುತ್ತ ಗುನುಗುತ್ತಿದ್ದ ಜೋಗುಳ ನೆನಪಾಯಿತು. ಅದರ ಬೆನ್ನಿಗೇ, ಅಮ್ಮನ ಪಕ್ಕ ಇಬ್ಬರೂ ಲೋಟ ಹಿಡಿದು ಕೂತು ನೊರೆಹಾಲಿಗೆ ಕಿತ್ತಾಡುತ್ತಿದ್ದ ಬೆಳಗುಗಳೂ ಬಂದವು. ಗುನುಗಿದ, ಹಾಲು ಇಳಿಯಿತು. ಚೇತರಿಸಿಕೊಂಡು ಊಟಕ್ಕೆಂದು ಬಂದ ತಮ್ಮ ಅಲ್ಲೇ ಉಳಿದ. ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಆ ವರ್ಷವನ್ನು ಅಣ್ಣ ಇಂದಿಗೂ ಆಸೆಯಿಂದ ನೆನೆಯುತ್ತಾನೆ. ಹೇಳಿದರೆ ಜನ ಉಗಿದಾರು ಎಂದು ಬಾಯಿ ಬಿಡುವುದಿಲ್ಲ.

ಅಧಿಕಾರಿ ಬಂದದ್ದು ಸಂಜೆ ಹಾಲು ಕರೆಯುವ ಹೊತ್ತಿಗೆ. ಚಿಕ್ಕ ವಯಸ್ಸಿನ ಹುಡುಗಿ. ಬೂಟಿಗೆ ಸಗಣಿ ಮೆತ್ತಿದರೂ ಮೂಗು ಮುರಿಯಲಿಲ್ಲ.

"ಕರೀರಿ, ನೋಡ್ತೀನಿ," ಎಂದಳು ತಮ್ಮನಿಗೆ.

ತಮ್ಮ ಕೆಚ್ಚಲು ತೊಳೆದ, ಬೆನ್ನು ಸವರಿದ, ಪುಸಲಾಯಿಸಿದ. ಕೆಂಪು ಹಸು ಒದ್ದು ಬಕೆಟ್ ಉರುಳಿಸಿತು. ಬೇಲಿಯ ಈಚೆ ಅಣ್ಣ ಚಡಪಡಿಸಿದ. ಎರಡು ಸಾಲು ಗುನುಗಿದರೆ ಸಾಕು, ಹಾಲು ಇಳಿಯುತ್ತದೆ. ಜೊತೆಗೆ ತಮ್ಮನ ಪಾಲೂ ಹೋಗುತ್ತದೆ. ಮತ್ತೊಮ್ಮೆ ಅವನಿಗೆ ನಷ್ಟ ಮಾಡಿದವನಾಗುವುದು ಬೇಡವೆಂದು ತುಟಿ ಕಚ್ಚಿ ನಿಂತ.

"ಹಸು ನಿಮ್ದೇ ತಾನೆ?" ಅಧಿಕಾರಿ ಕೇಳಿದಳು.

ತಮ್ಮ ಬೆವರು ಒರೆಸಿಕೊಂಡು ಬೇಲಿಯತ್ತ ತಿರುಗಿದ. "ಅಣ್ಣಾ, ಏನು ಗೊಂಬೆ ಥರ ನಿಂತಿದ್ದೀಯ? ಬಾ. ನೀನು ಗುನುಗದೆ ಇದು ಹಾಲು ಕೊಡಲ್ಲ."

"ಅಂದ್ರೆ ದಿನಾ ಕರೆಯೋದು ಅವರಾ? ಹಾಗಾದ್ರೆ ಒಂದೇ ಕೊಟ್ಟಿಗೆ ಅಂತ ಬರೀಬೇಕಾಗುತ್ತೆ."

"ಬರ್ಕೊಳ್ಳಿ ಮೇಡಂ."

ಅಣ್ಣ ಓಡಿಬಂದ. "ಹುಚ್ಚು ಹಿಡೀತೇನೋ ನಿಂಗೆ? ಕೈಗೆ ಬಂದಿದ್ದನ್ನ ಬಿಟ್ಕೊಡ್ತೀಯಲ್ಲೋ!"

ತಮ್ಮ ಆಗಲೇ ಹಸುವಿನ ಹಗ್ಗ ಬಿಚ್ಚುತ್ತಿದ್ದ. "ಮಧ್ಯಾಹ್ನ ಇಲ್ಲಿ ಒಬ್ನೇ ಊಟಕ್ಕೆ ಕೂತೆ ಕಣಣ್ಣ. ಅನ್ನ ಗಂಟಲಲ್ಲಿ ಇಳೀಲಿಲ್ಲ. ಅಷ್ಟು ವರ್ಷ ಹೆಂಗೆ ಹಿಂಗೆ ಉಂಡ್ನೋ, ದೇವರಿಗೇ ಗೊತ್ತು."

ಬೈಯಬೇಕೆಂದು ಬಾಯಿ ತೆರೆದ ಅಣ್ಣ, ಹಸುವಿನ ಬೆನ್ನಿಗೆ ಮುಖ ಒತ್ತಿ ಅತ್ತುಬಿಟ್ಟ.