ಹಾಜರಿ ಮೇಷ್ಟ್ರ ರಜಾ ಅರ್ಜಿ

ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ದಿನವೂ ರಜೆ ಹಾಕದ ಗಂಡನ ಜೊತೆ ಏಗುವುದು ಎಂಥ ಕಷ್ಟ ಎಂಬುದನ್ನು ಕಾಲೇಜಿನ ನರ್ಸಮ್ಮನನ್ನೇ ಕೇಳಬೇಕು. ಗಂಡ ಅದೇ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅವರ ಮದುವೆ ನಡೆದದ್ದು ಭಾನುವಾರ. ಮಗಳು ಹುಟ್ಟಿದ್ದು ಬೇಸಿಗೆ ರಜೆಯಲ್ಲಿ. ಅವಳೂ ಕ್ಯಾಲೆಂಡರ್ ನೋಡಿಕೊಂಡೇ ಬಂದಳು ಎಂದು ನರ್ಸಮ್ಮ ಇಂದಿಗೂ ಹೇಳುತ್ತಾಳೆ. ಹುಡುಗರು ಅವರಿಗೆ ಹಾಜರಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅದು ಮೇಷ್ಟ್ರಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು.

ತಾವು ತಪ್ಪಿಸದ ಮೇಲೆ ಬೇರೆಯವರು ತಪ್ಪಿಸುವುದುಂಟೇ? ಯಾರಾದರೂ ರಜಾ ಅರ್ಜಿ ತಂದರೆ ಅದರ ಮೇಲೇ ಕೆಂಪು ಶಾಯಿಯಲ್ಲಿ ‘ಒಪ್ಪಿಲ್ಲ’ ಎಂದು ಬರೆದು, ಸಹಿ ಹಾಕಿ, ವಾಪಸು ಕೊಡುತ್ತಿದ್ದರು. ಹಾಜರಿ ಸಾಲದವರಿಗೆ ಪರೀಕ್ಷೆ ಇಲ್ಲ. ಹೀಗಾಗಿ ಅವರ ಕ್ಲಾಸು ಸದಾ ಭರ್ತಿ.

ಅಂಥ ಕಾಲೇಜಿಗೆ ಫ್ಲೂ ಜ್ವರ ಬಂತು. ವಾರದೊಳಗೆ ನಲವತ್ತು ಮಂದಿ ಹಾಸಿಗೆ ಹಿಡಿದರು. ಇನ್ನೊಂದು ಇಪ್ಪತ್ತಾದರೆ ಕಾಲೇಜು ಮುಚ್ಚುವುದೇ ಸೈ ಎಂದರು ಪ್ರಿನ್ಸಿಪಾಲರು. ನರ್ಸಮ್ಮ ಟೊಂಕ ಕಟ್ಟಿ ನಿಂತಳು. ನಲ್ಲಿಗಳ ಪಕ್ಕ ಸೋಪು ಇಡಿಸಿದಳು, ಕ್ಲಾಸುಗಳ ಕಿಟಕಿ ತೆಗೆಸಿದಳು, ಕುಡಿಯುವ ನೀರಿನ ಡ್ರಮ್ಮಿಗೆ ಸರಪಳಿಯಲ್ಲಿ ಕಟ್ಟಿದ್ದ ಒಂದೇ ಲೋಟವನ್ನು ಕಳಚಿ ಬೀರುವಿನೊಳಗಿಟ್ಟು ಬೀಗ ಹಾಕಿದಳು. ದಿನಾ ಬೆಳಿಗ್ಗೆ ಎಂಟೂವರೆಗೆ ತಾನೇ ಗೇಟಿನಲ್ಲಿ ನಿಂತು ಬಂದವರ ಹಣೆಗೆಲ್ಲ ಜ್ವರ ನೋಡುವ ಯಂತ್ರ ಹಿಡಿದಳು. ಜ್ವರ ಇದ್ದವರು ಐದು ದಿನ ಮನೆಯಲ್ಲಿ. ಮೇಷ್ಟ್ರಾದರೂ ಅಷ್ಟೇ, ಮಾಲಿಯಾದರೂ ಅಷ್ಟೇ. ಪ್ರಿನ್ಸಿಪಾಲರ ಸಹಿ ಹಾಕಿಸಿ ಆ ನಿಯಮವನ್ನು ಬೋರ್ಡಿಗೆ ಅಂಟಿಸಿದಳು.

ವಿಚಿತ್ರವೆಂದರೆ ಗೇಟಿನಲ್ಲಿ ಎಲ್ಲರ ಹಣೆಯೂ ತಣ್ಣಗೆ. ಮಧ್ಯಾಹ್ನವಾಗುತ್ತಲೇ ಅವೇ ಹಣೆಗಳು ಕಾದ ಕಾವಲಿ. ಯಂತ್ರ ಕೆಟ್ಟಿರಬೇಕೆಂದು ತನ್ನ ಹಣೆಗೇ ನಾಲ್ಕು ಸಲ ಹಿಡಿದು ನೋಡಿದಳು. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಹೇಳಿಕೊಂಡರೆ ಮೇಷ್ಟ್ರು ಉತ್ತರಪತ್ರಿಕೆಯಿಂದ ತಲೆ ಎತ್ತದೆ, “ಜ್ವರಕ್ಕೆಲ್ಲ ಅಷ್ಟು ಮರ್ಯಾದೆ ಕೊಡಬಾರದು ಕಣೆ” ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಗುರುವಾರ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೇಷ್ಟ್ರು ಹೊರಟುಹೋಗಿದ್ದರು. ತಟ್ಟೆಯಲ್ಲಿ ತಿಂಡಿ ಹಾಗೇ ಇತ್ತು. ಔಷಧದ ಡಬ್ಬಿಯ ಮುಚ್ಚಳ ತೆರೆದಿತ್ತು, ಜ್ವರದ ಮಾತ್ರೆಯ ಪಟ್ಟಿಯಲ್ಲಿ ಎರಡು ಗುಳಿ ಖಾಲಿ. ತಲೆನೋವೇನೋ ಅಂದುಕೊಂಡು ಅವಳು ಗೇಟಿಗೆ ಓಡಿದಳು. ಅಷ್ಟರಲ್ಲಾಗಲೇ ಅವರು ಒಳಗೆ ಸೇರಿಕೊಂಡಾಗಿತ್ತು.

ಹನ್ನೊಂದೂಮುಕ್ಕಾಲಿಗೆ ಅವರ ಕ್ಲಾಸಿನ ಹುಡುಗಿಯೊಬ್ಬಳು ಗೋಡೆ ಹಿಡಿದುಕೊಂಡು ನರ್ಸಮ್ಮನ ಕೋಣೆಗೆ ಬಂದಳು. ಯಂತ್ರ ನೂರಾ ಎರಡು ತೋರಿಸಿತು.

“ಬೆಳಿಗ್ಗೆ ತೊಂಬತ್ತೆಂಟು ಇತ್ತಲ್ಲಮ್ಮ ನಿಂಗೆ. ನಿಜ ಹೇಳು, ಏನು ಮಾಡ್ಕೊಂಡೆ?”

ಹುಡುಗಿ ಮಂಚದ ಮೇಲೆ ಮುದುಡಿಕೊಂಡಳು. “ಏಳೂವರೆಗೆ ಮಾತ್ರೆ ನುಂಗಿದ್ರೆ ಮಧ್ಯಾಹ್ನದ ತನಕ ಏನೂ ಗೊತ್ತಾಗಲ್ಲ ಮೇಡಂ. ಎಲ್ರೂ ಹಂಗೇ ಮಾಡೋದು.”

“ಯಾರು ಹೇಳ್ಕೊಟ್ರು ಈ ಘನಂದಾರಿ ವಿದ್ಯೆ?”

“ಹಾಜರಿ ಮೇಷ್ಟ್ರು... ಅಲ್ಲ, ನಿಮ್ಮ ಸರ್ರೇ ಮೇಡಂ. ನಂಗೂ ಜ್ವರ ಬರುತ್ತೆ, ಮಾತ್ರೆ ನುಂಗಿ ಬರ್ತೀನಿ, ನಿಮಗೇನು ದಾಡಿ ಅಂದ್ರು.”

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಚಾಪೆ ಕೆಳಗೆ ತೂರಿದರೆ ಈ ಹುಡುಗರು ರಂಗೋಲಿ ಕೆಳಗೆ ತೂರುತ್ತಿದ್ದಾರೆ, ಅದೂ ತನ್ನ ಮನೆಯವರಿಂದಲೇ ಪಾಠ ಹೇಳಿಸಿಕೊಂಡು. ಆಮೇಲೆ ಆ ಎರಡು ಖಾಲಿ ಗುಳಿಗಳು ನೆನಪಾದವು. ಹಾಗಾದರೆ ಇವತ್ತು ಅವರಿಗೂ ಜ್ವರ. ಹಿಡಿದರೆ ಇಪ್ಪತ್ತಾರು ವರ್ಷ ಮಣ್ಣುಪಾಲು. ಬಿಟ್ಟರೆ ನಾಳೆಯಿಂದ ಒಂದು ನರಪಿಳ್ಳೆಯೂ ಅವಳ ಮಾತು ಕೇಳುವುದಿಲ್ಲ, ಕಾಲೇಜು ಮುಚ್ಚುವುದೂ ತಪ್ಪುವುದಿಲ್ಲ.

ಯಂತ್ರ ಹಿಡಿದು ಹೊರಟಳು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಳು.

“ಸರ್, ಐದು ನಿಮಿಷ” ಎಂದಳು ಬಾಗಿಲಲ್ಲಿ. ಕಾಲೇಜಿನಲ್ಲಿ ಅವಳು ಗಂಡನನ್ನು ಕರೆಯುವುದು ಸರ್ ಎಂದೇ. “ಮಾತ್ರೆ ನುಂಗಿ ಬಂದವರು ಯಾರ್ಯಾರು ಅಂತ ನೋಡ್ಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಏಳೆಂಟು ಕೈಗಳು ತಾವಾಗಿಯೇ ಹಣೆಗೆ ಹೋದವು. ಬೋರ್ಡಿನ ಬಳಿ ಚಾಕ್‌ಪೀಸ್ ಹಿಡಿದಿದ್ದ ಕೈಯೂ ಹೋಯಿತು. ಮೇಷ್ಟ್ರ ಹಣೆಯ ಮೇಲೆ ಬಿಳಿ ಗೀರು ಉಳಿಯಿತು.

ಅವಳು ಬೆಂಚಿನಿಂದ ಬೆಂಚಿಗೆ ಹೋದಳು. ಒಂಬತ್ತು ಮಂದಿ ಸಿಕ್ಕಿಬಿದ್ದರು. ಅವರು ಪುಸ್ತಕ ಎತ್ತಿಕೊಂಡರು, ಆದರೆ ಜಾಗ ಬಿಟ್ಟು ಏಳಲಿಲ್ಲ. ಎಲ್ಲರ ಕಣ್ಣೂ ಬೋರ್ಡಿನ ಕಡೆಗಿತ್ತು.

“ಈ ಲೆಕ್ಕ ಮುಗಿಸಿ ಬರ್ತೀನಿ ಕಣೆ. ಅರ್ಧ ಗಂಟೆ” ಎಂದರು ಮೇಷ್ಟ್ರು, ಅವಳಿಗೆ ಮಾತ್ರ ಕೇಳುವಂತೆ.

“ಹಣೆ ತೋರಿಸ್ರೀ” ಎಂದುಬಿಟ್ಟಳು. ಮನೆಯ ಮಾತು ಬಾಯಿತಪ್ಪಿ ಬಂದಿತ್ತು. ಒಬ್ಬರೂ ನಗಲಿಲ್ಲ.

“ನೂರಾ ಒಂದೂವರೆ” ಎಂದು ಗಟ್ಟಿಯಾಗಿ ಓದಿದಳು. ಓದುವಾಗ ಅವಳಿಗೆ ಅಳುವೇ ಬಂತು. ಈ ಮನುಷ್ಯ ಮೈ ಸುಡುತ್ತಿದ್ದರೂ ನಿಂತು ಪಾಠ ಮಾಡುತ್ತಿದ್ದಾನಲ್ಲ ಎಂದು ಅಯ್ಯೋ ಅನ್ನಿಸಿತು, ಎಂಥ ಪೆದ್ದು ಎಂದೂ ಅನ್ನಿಸಿತು.

ಮೇಷ್ಟ್ರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, ಹಾಜರಿ ಪುಸ್ತಕ ಮುಚ್ಚಿ, ಹೊರಗೆ ನಡೆದರು. ಒಂಬತ್ತು ಮಂದಿಯೂ ಎದ್ದು ಹೊರಟರು.

ಆ ಒಂಬತ್ತು ಮಂದಿಯನ್ನು ಮನೆಗೆ ಕಳಿಸಿ ನರ್ಸಮ್ಮ ತನ್ನ ಕೋಣೆಗೆ ಬಂದಾಗ ಮೇಷ್ಟ್ರು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಬಿಳಿ ಹಾಳೆ. ತಾರೀಕು ಬರೆದು ಅಲ್ಲೇ ನಿಂತಿದ್ದರು.

“ಏನಂತ ಶುರು ಮಾಡ್ತಾರೆ ಇದನ್ನ?” ಎಂದು ಕೇಳಿದರು. ಸಾವಿರಾರು ರಜಾ ಅರ್ಜಿ ತಳ್ಳಿಹಾಕಿದವರು ಒಂದನ್ನೂ ಬರೆದಿರಲಿಲ್ಲ.

ಪರದೆಯ ಹಿಂದಿನ ಮಂಚದಿಂದ ಹುಡುಗಿಯ ದನಿ ಬಂತು. “ಸರ್, ಬೇಕಿದ್ರೆ ನನ್ನದು ನೋಡ್ಕೊಂಡು ಬರೀರಿ.”

ಬ್ಯಾಗಿನಿಂದ ತೆಗೆದ ಹಾಳೆ ನರ್ಸಮ್ಮನ ಕೈಯಿಂದ ಮೇಷ್ಟ್ರ ಕೈಗೆ ಬಂತು. ಸೋಮವಾರದ ಅರ್ಜಿ. ಅದರ ಮೇಲೆ ಕೆಂಪು ಶಾಯಿ, ಅವರದೇ ಅಕ್ಷರ, ಅವರದೇ ಸಹಿ.

“ಸೋಮವಾರದಿಂದ ಜ್ವರಾನಾ?”

“ಹೂಂ ಸರ್.”

“ಮತ್ತೆ ದಿನಾ ಬಂದ್ಯಲ್ಲ.”

“ನೀವೇ ಬಾ ಅಂದ್ರಲ್ಲ ಸರ್.”

ಹುಡುಗಿಯ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಗದರಿಸಿ ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು ‘ಒಪ್ಪಿಲ್ಲ’ವನ್ನು ಹೊಡೆದುಹಾಕಿ ‘ಒಪ್ಪಿದೆ’ ಎಂದು ಬರೆದರು. ಆಮೇಲೆ, ನಕಲು ಹೊಡೆದವರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸುತ್ತಿದ್ದ ಮೇಷ್ಟ್ರು, ಹುಡುಗಿಯ ಅರ್ಜಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ಅಲ್ಲೇ ಗೋಡೆಗೊರಗಿ ನಿದ್ದೆಹೋದರು.

ನರ್ಸಮ್ಮ ಅರ್ಜಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೊರಟಳು. ದಾರಿಯಲ್ಲಿ ಓದಿದಳು. ಎಲ್ಲ ಸರಿಯಿತ್ತು. ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದಿತ್ತು, ಅದರ ಕೆಳಗೆ ಮೇಷ್ಟ್ರ ದೊಡ್ಡ ಸಹಿ. ಅವಳು ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಿದ್ದಲು ಪೆನ್ನು ತೆಗೆದವಳು ಹಾಗೇ ಮತ್ತೆ ಜೇಬಿಗೆ ಸೇರಿಸಿದಳು.

ಪ್ರಿನ್ಸಿಪಾಲರು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಏನಮ್ಮ, ಒಪ್ಪಲಾ ಇದನ್ನ?”

“ಒಪ್ಪಿಬಿಡಿ ಸರ್” ಎಂದಳು ನರ್ಸಮ್ಮ. “ಪಾಪ, ಆ ಹುಡುಗಿಗೆ ಮೈ ಸುಡ್ತಾ ಇದೆ.”