ರದ್ದಾಗದ ಆದೇಶ

ಪ್ರಧಾನಿ ಕಚೇರಿಯ ದಾಖಲೆ ಕೋಣೆ ಇಪ್ಪತ್ತೆಂಟು ವರ್ಷಗಳಿಂದ ಅವಳ ಸುಪರ್ದಿಯಲ್ಲಿತ್ತು. ಅಷ್ಟರಲ್ಲಿ ಆರು ಪ್ರಧಾನಿಗಳನ್ನು ಕಂಡಿದ್ದಳು. ಆರನೆಯವರು ಡಾಕ್ಟರು, ಆಸ್ಪತ್ರೆಯಿಂದ ನೇರ ಕುರ್ಚಿಗೆ ಬಂದವರು. ಯಾವ ಕಡತ ಯಾರಿಗೆ ಹೋಗಬೇಕೆಂದು ತಿಳಿಯದೆ ವರ್ಷವಿಡೀ ತಡಕಾಡಿದ್ದರು.

ಮತದಾನಕ್ಕೆ ಮೊದಲು ಮನೆಯಲ್ಲಿ ತಮ್ಮನ ಜೊತೆ ದಿನಾ ಜಟಾಪಟಿ. ಅವನು ಪತ್ರಿಕೆಯೊಂದರ ವರದಿಗಾರ.

“ಡಾಕ್ಟರಿಗೆ ಇನ್ನೊಂದು ಅವಕಾಶ ಕೊಡ್ಬೇಕು ಕಣಕ್ಕ. ಈಗೀಗ ಕಲೀತಿದಾರೆ.”

“ದೇಶ ಏನು ಕಲಿಯೋಕೆ ತಂದ ಬಾಡಿಗೆ ಸೈಕಲ್ಲೇನೋ? ಎದುರು ನಿಂತಿರೋರು ಏಳು ಖಾತೆ ನೋಡ್ದೋರು. ನಮ್ಮ ಕಚೇರಿ ಮೂಲೆಮೂಲೆ ಅವರಿಗೆ ಗೊತ್ತು.”

ಅವಳ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಅವರು ಕಿರಿಯ ಮಂತ್ರಿಯಾಗಿದ್ದಾಗ ಮಧ್ಯಾಹ್ನವೆಲ್ಲ ಅವಳ ಕೋಣೆಯಲ್ಲಿ ಕೂತು ಹಳೆಯ ಕಡತಗಳನ್ನು ಓದುತ್ತಿದ್ದರು. ಓದುವ ಮಂತ್ರಿಯೊಬ್ಬ ಸಿಕ್ಕಿದನಲ್ಲ ಎಂಬ ಸಂತೋಷಕ್ಕೆ ಕೋಣೆಯ ನಿಯಮಗಳನ್ನೆಲ್ಲ ಅವಳೇ ಕೂತು ವಿವರಿಸಿದ್ದಳು.

ಅವರೇ ಗೆದ್ದರು. ಪ್ರಮಾಣವಚನದ ಮೂರನೇ ದಿನ ಬೆಳಗ್ಗೆ ಹನ್ನೊಂದಕ್ಕೆ, ಕಾರ್ಯದರ್ಶಿಯನ್ನೂ ಕರೆತರದೆ, ಒಬ್ಬರೇ ಬಂದು ಬಾಗಿಲಲ್ಲಿ ನಿಂತರು.

“ಚೆನ್ನಾಗಿದೀರಾ? ನಾಲ್ಕನೇ ಕಪಾಟು ಅಲ್ಲೇ ಇದೆ ತಾನೆ?”

ಉತ್ತರಕ್ಕೆ ಕಾಯದೆ ಹೋಗಿ, ಕೆಳಗಿನ ಖಾನೆಯಿಂದ ತೆಳ್ಳನೆಯ ಕಡತವೊಂದನ್ನು ಎಳೆದರು. ಗಲಭೆಯ ಕಾಲದಲ್ಲಿ ಹೊರಡಿಸಿದ ಆದೇಶ ಅದು. ಪ್ರಧಾನಿ ಒಂದು ಸಹಿ ಹಾಕಿದರೆ ಸಾಕು, ಚುನಾವಣೆಗಳನ್ನು ಎಷ್ಟು ಕಾಲ ಬೇಕಾದರೂ ಮುಂದೂಡಬಹುದು, ತಕರಾರೆತ್ತಿದವರನ್ನು ಹಿಡಿದಿಡಬಹುದು. ಅಂಥದೊಂದು ಇದೆಯೆಂಬುದನ್ನೇ ಜನ ಮರೆತಿದ್ದರು.

“ಇದು ರದ್ದಾಗಿಲ್ಲ ಅಲ್ವಾ?”

“ಇಲ್ಲ ಸಾರ್.”

“ಗೊತ್ತು. ಇಂಥ ಆದೇಶ ರದ್ದು ಮಾಡೋ ಸಮಿತಿಗೆ ನಾನೇ ಅಧ್ಯಕ್ಷ ಆಗಿದ್ದೆ. ಕೊನೇ ಸಭೆ ಕರೀಲೇ ಇಲ್ಲ.”

ಅವಳು ರಿಜಿಸ್ಟರ್ ತೆರೆದು ಮುಂದಿಟ್ಟಳು. “ಒಂದು ಸಹಿ ಬೇಕಿತ್ತು ಸಾರ್.”

“ಪ್ರಧಾನಿ ಓದೋಕೆ ತಗೊಂಡ್ರೆ ನಮೂದು ಬೇಡ. ಹನ್ನೊಂದನೇ ನಿಯಮ. ನೀವೇ ಹೇಳ್ಕೊಟ್ಟಿದ್ದು.” ಅವರು ಮೆಲ್ಲಗೆ ನಕ್ಕರು. ಬಾಗಿಲ ಬಳಿ ತಿರುಗಿ ನಿಂತು ಕೇಳಿದರು. “ನಿಮ್ಮ ತಮ್ಮ ಇನ್ನೂ ಅದೇ ಪತ್ರಿಕೇಲಿದಾರಾ?”

ತಮ್ಮನ ವಿಷಯ ಅವರೊಡನೆ ಯಾವತ್ತಾದರೂ ಆಡಿದ್ದೆನೇ ಎಂದು ಅವಳು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸಂಜೆ ಮನೆಗೆ ಬಂದವಳು ಬಾಯಿ ಬಿಡಬಾರದೆಂದೇ ಇದ್ದಳು. ಅವಳ ಮುಖ ನೋಡಿಯೇ ತಮ್ಮ ಏನೋ ಆಗಿದೆಯೆಂದು ಗುರುತು ಹಿಡಿದ. ಹೇಳಿಬಿಟ್ಟಳು.

“ನಾಳೆ ಬರೀತೀನಿ,” ಎಂದ.

“ಬೇಡ್ವೋ. ನಿನ್ನ ಬಗ್ಗೆ ವಿಚಾರಿಸಿದಾರೆ.”

“ಅದಕ್ಕೇ ಬೇಗ ಬರೀಬೇಕು.”

ಗುರುವಾರ ಸುದ್ದಿ ಮುಖಪುಟದಲ್ಲಿ ಬಂತು. ಶುಕ್ರವಾರ ಆದೇಶಕ್ಕೆ ಸಹಿ ಬಿತ್ತು. ಡಾಕ್ಟರ ಕಾಲದಲ್ಲಿ ಒಂದು ಸುತ್ತೋಲೆ ಹೊರಡಲು ಹದಿನೈದು ದಿನ ಹಿಡಿಯುತ್ತಿತ್ತು. ಇದು ಮಧ್ಯಾಹ್ನದೊಳಗೆ ಎಲ್ಲ ಠಾಣೆಗಳನ್ನೂ ಮುಟ್ಟಿತು. ಎಲ್ಲಿ ಯಾರ ಒಪ್ಪಿಗೆ ಬೇಕು, ಯಾರನ್ನು ಕೇಳದೆಯೂ ನಡೆಯುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಮಂತ್ರಿಗಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಶನಿವಾರ ಕೆಲಸಕ್ಕೆ ಹೋದ ತಮ್ಮ ಊಟಕ್ಕೆ ಬರಲಿಲ್ಲ. ಪತ್ರಿಕೆ ಕಚೇರಿಯ ಫೋನನ್ನು ಯಾರೂ ಎತ್ತಲಿಲ್ಲ. ಅವಳು ಅಲ್ಲಿಗೇ ಹೋದಾಗ ಶಟರ್ ಎಳೆದಿತ್ತು, ಮುಂದೆ ಇಬ್ಬರು ಪೊಲೀಸರು ಕುರ್ಚಿ ಹಾಕಿಕೊಂಡು ಕೂತಿದ್ದರು.

ಸೋಮವಾರ ದಾಖಲೆ ಕೋಣೆಯ ಫೋನು ರಿಂಗಾಯಿತು. ಪ್ರಧಾನಿಯ ಕಾರ್ಯದರ್ಶಿ.

“ನಿಮ್ಮ ತಮ್ಮ ಆರಾಮಾಗಿದಾರಮ್ಮ. ಹೊತ್ತುಹೊತ್ತಿಗೆ ಊಟ ಸಿಗ್ತಾ ಇದೆ. ಸಾಹೇಬ್ರೇ ಸ್ವತಃ ವಿಚಾರಿಸಿಕೊಂಡ್ರು.”

“ಯಾವಾಗ ಬಿಡ್ತೀರಿ?”

ಆ ಕಡೆ ಕಾಗದ ಮಗುಚುವ ಸದ್ದು. “ಆರನೇ ಕಪಾಟಲ್ಲಿ, ಮೇಲಿನ ಖಾನೇಲಿ, ನ್ಯಾಯಾಧೀಶರ ವರ್ಗಾವಣೆ ಕಡತ ಒಂದಿದೆಯಂತೆ. ಸ್ವಲ್ಪ ಕಳಿಸ್ಕೊಡಿ.”

ಅವಳು ಫೋನು ಕೆಳಗಿಟ್ಟಳು. ಆಮೇಲೆ ಏಣಿಯನ್ನು ಆರನೇ ಕಪಾಟಿಗೆ ಒರಗಿಸಿ, ಸೆರಗು ಸಿಕ್ಕಿಸಿಕೊಂಡು, ಮೇಲೆ ಹತ್ತಿದಳು.