ಆಡಿನ ಕೂದಲಿನ ಗಡ್ಡ

ಇಟಲಿಯ ಪಾದುವಾದ ನಮ್ಮ ಯಹೂದಿ ಕೇರಿಯಲ್ಲಿ ಪೂರಿಮ್ ಹಬ್ಬದ ದಿನ ಗಂಡಸರು ಲಂಗ ಉಡುತ್ತಾರೆ, ಹೆಂಗಸರು ಗಡ್ಡ ಕಟ್ಟುತ್ತಾರೆ. ಯಾರೂ ಏನೂ ಅನ್ನುವ ಹಾಗಿಲ್ಲ. ಆ ವರ್ಷ ನಾನು, ಹೀಬ್ರೂ ಕಲಿಸುವ ಅಪ್ಪನ ನಿಲುವಂಗಿ ತೊಟ್ಟು, ಆಡಿನ ಕೂದಲಿನ ಗಡ್ಡ ಅಂಟಿಸಿಕೊಂಡು, ಅವರದೇ ಕುರ್ಚಿಯಲ್ಲಿ ಕೂತಿದ್ದೆ. ಖುಷಿಗಲ್ಲ, ಹೊಟ್ಟೆಯುರಿಗೆ. ಹಬ್ಬ ಮುಗಿದರೆ ನನ್ನ ಓದೂ ಮುಗಿಯಿತು ಎಂದು ಅಪ್ಪ ಹೇಳಿಬಿಟ್ಟಿದ್ದರು. ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲವಂತೆ. ಗಂಡು ಯಾರಿಗೆ ಬೇಕಾಗಿತ್ತು.

ಬಾಗಿಲು ತಟ್ಟಿ ಒಳಬಂದವರು ಮೆಸ್ಸೆರ್ ಎರ್ಕೊಲಾನೊ. ಲ್ಯಾಟಿನ್, ಗ್ರೀಕ್ ಅರೆದು ಕುಡಿದ ಕ್ರೈಸ್ತ ಪಂಡಿತರು. ನಮ್ಮ ಹಬ್ಬದ ಗಂಧಗಾಳಿಯಿಲ್ಲದೆ ಮೊದಲ ಪಾಠಕ್ಕೆಂದು ಬಂದವರು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಳಿಸಿಬಿಡಬೇಕಿತ್ತು, ನಾಲಿಗೆ ಕೇಳಲಿಲ್ಲ.

"ಕೂತ್ಕೊಳ್ಳಿ. ಪುಸ್ತಕ ತೆಗೀರಿ," ಎಂದೆ ದಪ್ಪ ದನಿಯಲ್ಲಿ.

ಅವರು ಎಡಗಡೆಯಿಂದ ತೆಗೆದರು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ಅದು ಕೊನೆಯ ಪುಟ.

"ಯಾರ ಮನೆಗೆ ಹೋದ್ರೂ ಹಿತ್ತಿಲ ಬಾಗಿಲಿಂದ್ಲೇ ನುಗ್ತೀರಾ?"

ಒಂದು ಸಾಲು ಓದಿಸುವಷ್ಟರಲ್ಲಿ ಅವರ ಬೆವರಿಳಿಯಿತು. ತಪ್ಪಿದಾಗೆಲ್ಲ ಬೈದೆ, ಅಪ್ಪ ನನಗೆ ಬೈಯುತ್ತಿದ್ದ ಹಾಗೇ. ಸರಿಯಾದಾಗ ಹಬ್ಬಕ್ಕೆ ಕರಿದ ಸಿಹಿ ಒಂದು ಕೊಟ್ಟೆ.

"ಗುರುಗಳೇ, ನನಗೆ ಯಾರೂ ಹೀಗೆ ಬೈದೇ ಇಲ್ಲ. ಎಲ್ರೂ ಸುಮ್ನೆ ತಲೆಯಾಡಿಸ್ತಾರೆ," ಎಂದು ಮುದುಕರು ಹಿಗ್ಗಿದರು.

ಅಷ್ಟರಲ್ಲಿ ಅಮ್ಮನ ಹಸಿರು ಲಂಗ ಉಟ್ಟು, ಮುಖದ ತುಂಬ ಮುಸುಕು ಎಳೆದುಕೊಂಡು, ಕುಡಿದ ಅಮಲಲ್ಲಿ ತೂರಾಡುತ್ತ ಅಪ್ಪ ಬಂದರು.

"ಮೆಸ್ಸೆರ್, ನಾನೇ ನಿಮ್ಮ ಗುರು."

"ಹೌದಮ್ಮ, ನಾನೇ ಪೋಪ್," ಎಂದು ಪಂಡಿತರು ನಕ್ಕು ನನ್ನತ್ತ ತಿರುಗಿದರು. "ನಿಮ್ಮ ಮನೆಯವರು ಒಳ್ಳೇ ತಮಾಷೆ ಮಾಡ್ತಾರೆ."

ಅಪ್ಪ ಮುಸುಕು ಎತ್ತಿದರು. ನಿಜವಾದ ಗಡ್ಡ ಹೊರಬಿತ್ತು. ನಾನು ಸುಳ್ಳು ಗಡ್ಡ ಕಿತ್ತಿಟ್ಟೆ. ಪಂಡಿತರ ಮುಖ ಕೆಂಪಗಾಯಿತು. ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು. ಅಪ್ಪನ ಶಿಷ್ಯನನ್ನೂ ಓಡಿಸಿದೆ, ನನ್ನ ಓದಿನ ಉಳಿದ ಆಸೆಗೂ ಕಲ್ಲು ಹಾಕಿಕೊಂಡೆ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ.

ಮುಂದಿನ ವಾರ ಅವರು ಮತ್ತೆ ಬಂದರು. ನಾನು ಒಳಗೆ ಹೊಲಿಗೆ ಹಿಡಿದು ಕೂತಿದ್ದೆ, ಕಿವಿ ಮಾತ್ರ ಹೊರಗಿತ್ತು. ಪಂಡಿತರು ತಪ್ಪು ಓದಿದರು.

"ಚೆನ್ನಾಗಿದೆ," ಎಂದರು ಅಪ್ಪ.

ಮತ್ತೆ ತಪ್ಪು.

"ಭೇಷ್."

ಪುಸ್ತಕ ಮುಚ್ಚಿದ ಸದ್ದಾಯಿತು. "ಮಾಸ್ತ್ರೊ, ಎರಡು ಸಲಾನೂ ಬೇಕಂತ್ಲೇ ತಪ್ಪು ಓದಿದೆ. ನೀವು ಮರ್ಯಾದೆಗೆ ಸುಮ್ಮನಿದ್ರಿ. ನನ್ನ ಗುರುಗಳನ್ನ ಕರೀರಿ."

ಆಮೇಲೆ ಅಪ್ಪ ಕರೆದರು. "ಪೆರ್ನಾ, ಬಾ ಇಲ್ಲಿ."

ಬಾಗಿಲಲ್ಲಿ ನಿಂತು ಕೇಳಿದೆ, "ಗಡ್ಡ ಹಾಕ್ಕೊಂಡ್ ಬರ್ಲಾ?"

ಅಪ್ಪ ಕುರ್ಚಿಯಿಂದ ಎದ್ದರು.

"ಬೇಡ. ಕೂತ್ಕೋ."